ಬಚ್ಚಲುಮನೆಯಲ್ಲಿ ಬರುವ ಮೂರ್ಛೆ: ಗಾಳಿ ಸೋಂಕಲ್ಲ, ಮಿದುಳಿನ ಕಾಯಿಲೆ



ಮೂರ್ಛೆರೋಗದ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಇಂದಿಗೂ ದನಿ ತಗ್ಗುತ್ತದೆ. ಅಪಸ್ಮಾರ, ಮಲರೋಗ, ಫಿಟ್ಸ್ ಎಂದು ಹೆಸರು ಹಲವು, ಅಂಜಿಕೆ ಒಂದೇ. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ನೆರೆಯವರಿಗೆ ಹೇಳಿಕೊಳ್ಳುವ ಕುಟುಂಬ ಮಗಳ ಮೂರ್ಛೆಯನ್ನು ಮುಚ್ಚಿಡುತ್ತದೆ. ಹೀಗೆ ಮುಚ್ಚಿಟ್ಟ ಕಾಯಿಲೆಗೆ ಚಿಕಿತ್ಸೆ ತಡವಾಗುತ್ತದೆ. ಆ ತಡದಲ್ಲಿ ಮಕ್ಕಳು ಬಿಸಿನೀರಲ್ಲಿ ಸುಟ್ಟುಕೊಳ್ಳುತ್ತಾರೆ, ನೀರಲ್ಲಿ ಮುಳುಗುತ್ತಾರೆ, ಶಾಲೆ ಬಿಡುತ್ತಾರೆ.

ನರಮಂಡಲದ ಕಾಯಿಲೆಗಳ ಕುರಿತು ಜಗತ್ತಿನಾದ್ಯಂತ ಸಂಶೋಧನೆ ಭರದಿಂದ ಸಾಗಿದೆ. ಅದನ್ನೆಲ್ಲ ಒಂದು ಲೇಖನದಲ್ಲಿ ಹೇಳುವುದು ಸಾಧ್ಯವಿಲ್ಲ, ಹೇಳಿದರೂ ನಮ್ಮ ಜನರಿಗೆ ಹೆಚ್ಚು ಪ್ರಯೋಜನವಾಗದು. ಆದ್ದರಿಂದ ನಮ್ಮ ಕರ್ನಾಟಕದಲ್ಲಿಯೇ ಹೆಚ್ಚಾಗಿ ಕಾಣಸಿಗುವ, ನಮ್ಮ ವೈದ್ಯರೇ ಮುಂದೆ ನಿಂತು ಅಧ್ಯಯನ ಮಾಡಿದ ಒಂದು ಕಾಯಿಲೆಯನ್ನು ಆರಿಸಿಕೊಂಡಿದ್ದೇವೆ. ಅದು ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆ. ವೈದ್ಯರು ಇದನ್ನು 'ಹಾಟ್ ವಾಟರ್ ಎಪಿಲೆಪ್ಸಿ' ಎನ್ನುತ್ತಾರೆ. ನಾವು ಇಲ್ಲಿ ಬಿಸಿನೀರಿನ ಮೂರ್ಛೆ ಎಂದು ಕರೆಯೋಣ.

ಪಂಚನಹಳ್ಳಿಯನ್ನು ಮುಂದಿಟ್ಟುಕೊಂಡು

ಈ ವಿಷಯವನ್ನು ಕಡೂರು ತಾಲ್ಲೂಕಿನ ಪಂಚನಹಳ್ಳಿಯಂತಹ ಊರನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ಪಂಚನಹಳ್ಳಿ ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಒಂದು ಹೋಬಳಿ ಕೇಂದ್ರ, ರಾಗಿ ಮತ್ತು ತೆಂಗಿನ ನಾಡು. ಕರಾವಳಿಯ ನಮಗೆ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳು ಕೂಗಳತೆಯಲ್ಲಿವೆ. ಅಲ್ಲಿಯವರಿಗೆ ನರರೋಗ ತಜ್ಞರನ್ನು ಕಾಣಬೇಕಾದರೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಘಟ್ಟದ ಮೇಲಿನ ಇಂತಹ ಊರುಗಳ ಶಾಲೆ, ಚಿಕಿತ್ಸಾಲಯ, ಹಾಸ್ಟೆಲುಗಳಲ್ಲಿ ನಮ್ಮ ಕರಾವಳಿಯ ಧರ್ಮಭಗಿನಿಯರೂ ಶಿಕ್ಷಕರೂ ಸೇವೆ ಸಲ್ಲಿಸುತ್ತಾರೆ. ಕಾಯಿಲೆಯನ್ನು ಮೊದಲು ಗುರುತಿಸುವ ಅವಕಾಶ ಇಂಥವರಿಗೇ ಹೆಚ್ಚು.

ಹಳ್ಳಿಗಳಲ್ಲಿ ಮೂರ್ಛೆರೋಗ ಎಷ್ಟಿದೆ? ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರದಲ್ಲೂ ಸುತ್ತಣ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 1,02,557 ಜನರ ಸಮೀಕ್ಷೆ ನಡೆಸಿದರು. ಅದರ ವರದಿ 2004ರಲ್ಲಿ ಪ್ರಕಟವಾಯಿತು. ಸಾವಿರ ಜನರಲ್ಲಿ ಮೂರ್ಛೆರೋಗ ಇದ್ದವರು ನಗರದಲ್ಲಿ 5.7, ಹಳ್ಳಿಯಲ್ಲಿ 11.9. ಅಂದರೆ ಹಳ್ಳಿಗಳಲ್ಲಿ ಇಮ್ಮಡಿ. ಇದೇ ಸಮೀಕ್ಷೆಯ ಪ್ರಕಾರ ಬಿಸಿನೀರಿನ ಮೂರ್ಛೆ ಲಕ್ಷಕ್ಕೆ ಸುಮಾರು 60 ಮಂದಿಯಲ್ಲಿತ್ತು. ಈ ಲೆಕ್ಕವನ್ನು ಹತ್ತು ಸಾವಿರ ಜನರಿರುವ ಹಳ್ಳಿಗಳ ಒಂದು ಗುಂಪಿಗೆ ಅನ್ವಯಿಸಿ ನೋಡಿದರೆ ಮೂರ್ಛೆರೋಗವಿರುವವರು ನೂರಕ್ಕೂ ಮಿಕ್ಕಿ ಸಿಗಬೇಕು, ಅವರಲ್ಲಿ ಐದಾರು ಮಂದಿಗೆ ಬಿಸಿನೀರಿನ ಮೂರ್ಛೆ ಇರಬೇಕು. ಇದು ಅಂದಾಜು ಮಾತ್ರ. ಆದರೂ "ನಮ್ಮ ಊರಲ್ಲಿ ಅಂಥವರು ಯಾರೂ ಇಲ್ಲ" ಎಂದು ಹೇಳುವ ಮುನ್ನ ನಾವು ಎರಡು ಸಲ ಯೋಚಿಸಬೇಕು.

ಕಾಯಿಲೆ ಹೇಗೆ ಕಾಣಿಸಿಕೊಳ್ಳುತ್ತದೆ?

ನಮ್ಮ ನಾಡಿನಲ್ಲಿ ತಲೆಸ್ನಾನ ಎಂದರೆ ದೊಡ್ಡ ಕೆಲಸ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಎಣ್ಣೆ ಹಚ್ಚಿ, ಹಂಡೆಯಲ್ಲಿ ನೀರು ಕಾಯಿಸಿ, ಚೆಂಬಿನ ಮೇಲೆ ಚೆಂಬು ನೆತ್ತಿಗೆ ಹೊಯ್ಯುತ್ತೇವೆ. ಆ ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಮೈಗೆ ಮಾತ್ರ ನೀರು ಹಾಕಿಕೊಂಡಾಗ ಏನೂ ಆಗದ ಮಗುವಿಗೆ ತಲೆಗೆ ನೀರು ಬಿದ್ದಾಗ ಮೂರ್ಛೆ ಬರುತ್ತದೆ. ಈ ಕಾಯಿಲೆಯ ಗುರುತೇ ಇದು.

ಬಹಳ ಸಲ ಅದು ನಾವು ಎಣಿಸುವ ಹಾಗೆ ಕೈಕಾಲು ಬಡಿಯುವ ಮೂರ್ಛೆಯಾಗಿ ಆರಂಭವಾಗುವುದಿಲ್ಲ. ಮಗು ಎವೆಯಿಕ್ಕದೆ ಒಂದೇ ಕಡೆ ನೋಡುತ್ತದೆ, ಕರೆದರೆ ಓಗೊಡುವುದಿಲ್ಲ. ಏನೋ ಭಯವಾದಂತೆ ಮುಖ ಮಾಡುತ್ತದೆ, ಅರ್ಥವಿಲ್ಲದ ಮಾತು ಆಡುತ್ತದೆ, ಯಾರೋ ಕಂಡಂತೆ ವರ್ತಿಸುತ್ತದೆ. ಅರ್ಧ ನಿಮಿಷದಿಂದ ಎರಡು ಮೂರು ನಿಮಿಷದೊಳಗೆ ಮುಗಿಯುತ್ತದೆ. ಕೆಲವರಲ್ಲಿ ಇದೇ ಮುಂದುವರಿದು ಮೈಯೆಲ್ಲ ಸೆಟೆದು ಬಿದ್ದುಬಿಡುತ್ತಾರೆ. ಇನ್ನು ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖ ಅನ್ನಿಸಿ, ಬೇಡವೆಂದರೂ ಮತ್ತೆ ಮತ್ತೆ ನೀರು ಹೊಯ್ದುಕೊಳ್ಳುತ್ತಾರೆ. ನೋಡಿದವರಿಗೆ ಇದು ಹಟದಂತೆ ಕಾಣಬಹುದು. ಅದೂ ಕಾಯಿಲೆಯ ಭಾಗವೇ.

ಯಾರೋ ಕಂಡಂತೆ ನೋಡುವುದು, ಸಂಬಂಧವಿಲ್ಲದ ಮಾತಾಡುವುದು, ಅದೂ ನೀರಿನ ಬಳಿ ಮಾತ್ರ! ಇಷ್ಟು ಸಾಕು, ಜನ ಗಾಳಿ ಮೆಟ್ಟಿದೆ ಎಂದುಬಿಡುತ್ತಾರೆ. ಯಂತ್ರ ಕಟ್ಟಿಸುತ್ತಾರೆ, ಹರಕೆ ಹೊರುತ್ತಾರೆ. ನಮ್ಮ ಕ್ರೈಸ್ತ ಕುಟುಂಬಗಳೂ ಇದಕ್ಕೆ ಹೊರತಲ್ಲ. ಅಂತಹ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯದೆ ಪ್ರಾರ್ಥನಾಕೂಟದಿಂದ ಪ್ರಾರ್ಥನಾಕೂಟಕ್ಕೆ ಅಲೆಸುವವರು ನಮ್ಮಲ್ಲೂ ಇದ್ದಾರೆ.

ಕರ್ನಾಟಕದ ವೈದ್ಯರು ಕಂಡುಕೊಂಡದ್ದು

ಬಿಸಿನೀರಿನಿಂದ ಮೂರ್ಛೆ ಬರುವುದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ದಾಖಲಿಸಿದ್ದು 1945ರಲ್ಲಿ, ನ್ಯೂಜಿಲೆಂಡಿನಲ್ಲಿ. ಅದು ಒಬ್ಬ ಹುಡುಗನ ಪ್ರಕರಣವಾಗಿತ್ತು. ಮುಂದೆ ಜಪಾನ್, ಟರ್ಕಿ ಮೊದಲಾದ ದೇಶಗಳಿಂದಲೂ ವರದಿಗಳು ಬಂದವು. ಆದರೆ ಇದು ಅಪರೂಪದ ಒಂದೆರಡು ಪ್ರಕರಣಗಳ ವಿಷಯವಲ್ಲ, ಒಂದು ಪ್ರದೇಶದ ನೂರಾರು ಜನರ ಕಾಯಿಲೆ ಎಂದು ತೋರಿಸಿಕೊಟ್ಟವರು ಬೆಂಗಳೂರಿನ ವೈದ್ಯರು.

ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಮೊದಲ ವರದಿ ಪ್ರಕಟಿಸಿದರು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. 1970ರ ದಶಕದ ನಡುವೆ ಅವರು 108 ರೋಗಿಗಳ ವಿವರವನ್ನು ಅಮೆರಿಕದ ನರವೈದ್ಯರ ಮುಂದಿಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಕಾಯಿಲೆ ಮಕ್ಕಳಲ್ಲಿ ಹೆಚ್ಚು, ದೊಡ್ಡವರಲ್ಲೂ ಉಂಟು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುತ್ತದೆ. ಇವೆಲ್ಲ ಆ ಅಧ್ಯಯನಗಳಿಂದ ಸ್ಪಷ್ಟವಾದವು.

ಇನ್ನೊಂದು ಮುಖ್ಯ ಸಂಗತಿ. ಮೂರ್ಛೆ ಇಲ್ಲದ ಹೊತ್ತಿನಲ್ಲಿ ಇ.ಇ.ಜಿ. ತೆಗೆದರೆ ಇವರಲ್ಲಿ ಹೆಚ್ಚಿನವರದು ಸಹಜವಾಗಿಯೇ ಇರುತ್ತದೆ. "ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಹಾಗಾದರೆ ಇದು ಡಾಕ್ಟರ ಕೈಗೆ ಸಿಗುವ ಕಾಯಿಲೆಯಲ್ಲ" ಎಂದು ಮನೆಯವರು ತಪ್ಪು ತಿಳಿಯುವುದು ಇಲ್ಲಿಯೇ. ಈ ಕಾಯಿಲೆಯನ್ನು ಪತ್ತೆಮಾಡುವುದು ಯಂತ್ರಕ್ಕಿಂತ ಮಿಗಿಲಾಗಿ ಪ್ರಶ್ನೆ. ಮೂರ್ಛೆ ಯಾವಾಗ ಬರುತ್ತದೆ? ಸ್ನಾನದ ಮನೆಯಲ್ಲೇ? ತಲೆಗೆ ನೀರು ಹಾಕಿದಾಗಲೇ? ಇಷ್ಟನ್ನು ಕೇಳಿ ತಿಳಿಯಲು ಆಶಾ ಕಾರ್ಯಕರ್ತೆಗೂ ಸಾಧ್ಯ, ಹಾಸ್ಟೆಲಿನ ಸಿಸ್ಟರಿಗೂ ಸಾಧ್ಯ.

ಪ್ರಯೋಗಾಲಯ ಹೇಳುವುದೇನು?

ಬಿಸಿನೀರು ಎಲ್ಲರ ತಲೆಗೂ ಬೀಳುತ್ತದೆ. ಕೆಲವರಿಗೆ ಮಾತ್ರ ಮೂರ್ಛೆ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಹಾನ್ಸ್‌ನ ಸಂಶೋಧಕರು ಇಲಿಗಳ ಮೇಲೆ ಬಿಸಿನೀರು ಹಾಯಿಸಿ ಪ್ರಯೋಗ ಮಾಡಿದರು. ಅದರ ವರದಿ 1996ರಲ್ಲಿ ಬಂದಿತು. ಇಲಿಯ ದೇಹದ ಉಷ್ಣತೆ ಒಂದು ಮಟ್ಟ ಮೀರಿದಾಗ ಮೂರ್ಛೆ ಬಂದಿತು. ದಿನ ಬಿಟ್ಟು ದಿನ ಇದನ್ನೇ ಮಾಡಿದಾಗ ಮೊದಲಿಗಿಂತ ಕಡಿಮೆ ಬಿಸಿಗೇ ಮೂರ್ಛೆ ಬರತೊಡಗಿತು, ಹೆಚ್ಚು ಹೊತ್ತು ಉಳಿಯಿತು. ಇದಕ್ಕೆ ವಿಜ್ಞಾನಿಗಳು 'ಕಿಂಡ್ಲಿಂಗ್' ಎನ್ನುತ್ತಾರೆ. ಒಲೆ ಹೊತ್ತಿಸುವಾಗ ಮೊದಲು ಒಣಗರಿ, ಆಮೇಲೆ ತೆಂಗಿನ ಚಿಪ್ಪು, ಕೊನೆಗೆ ಕೊರಡು ಹತ್ತಿಕೊಳ್ಳುತ್ತದಲ್ಲ, ಹಾಗೆ.

ಮನುಷ್ಯರಲ್ಲೂ ಹೀಗೇ ಆಗುತ್ತದೆಯೇ? ಆಗುತ್ತದೆ ಎನ್ನಲು ಆಧಾರವಿದೆ. ಬಿಸಿನೀರಿನ ಮೂರ್ಛೆ ಇರುವವರಲ್ಲಿ ಸುಮಾರು ಕಾಲುಭಾಗ ಅಥವಾ ಅದಕ್ಕೂ ಮಿಕ್ಕಿದ ಜನರಿಗೆ ಕೆಲವು ವರ್ಷಗಳ ಬಳಿಕ ಸ್ನಾನವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಆಗ ವರ್ಷಗಟ್ಟಲೆ ದಿನವೂ ಮಾತ್ರೆ ಬೇಕಾಗುತ್ತದೆ. ಆದ್ದರಿಂದ "ಸ್ನಾನದಲ್ಲಿ ಮಾತ್ರ ಬರುವುದು, ದೊಡ್ಡವನಾದ ಮೇಲೆ ಸರಿಹೋದೀತು" ಎಂದು ಸುಮ್ಮನಿರುವುದು ಸಲ್ಲದು. ಕೊರಡು ಹತ್ತಿಕೊಳ್ಳುವ ಮುನ್ನ ಒಣಗರಿಯ ಬೆಂಕಿಯನ್ನು ಆರಿಸಬೇಕು.

ಮನೆತನದಲ್ಲಿ ಬರುವ ಕಾರಣವನ್ನು ಹುಡುಕಿದವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಅನುರಂಜನ್ ಆನಂದ್ ಮತ್ತು ತಂಡ. ನಿಮ್ಹಾನ್ಸ್ ವೈದ್ಯರೊಂದಿಗೆ ಸೇರಿ ಅವರು ನಮ್ಮ ನಾಡಿನ ಕುಟುಂಬಗಳ ರಕ್ತದ ಮಾದರಿಗಳನ್ನು ಪರೀಕ್ಷಿಸಿದರು. 2009ರಲ್ಲಿ 10ನೇ ಕ್ರೋಮೋಸೋಮ್ ಮತ್ತು 4ನೇ ಕ್ರೋಮೋಸೋಮ್‌ನ ಕೆಲವು ಭಾಗಗಳಿಗೂ ಈ ಕಾಯಿಲೆಗೂ ಸಂಬಂಧವಿರುವುದನ್ನು ಪ್ರಕಟಿಸಿದರು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನಲ್ಲಿ ಅಪರೂಪದ ವ್ಯತ್ಯಾಸಗಳನ್ನು ಕೆಲವು ರೋಗಿಗಳಲ್ಲಿ ಕಂಡರು. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಸಂದೇಶ ಮುಟ್ಟಿದ ಮೇಲೆ ಅದನ್ನು ಹಿಂದಕ್ಕೆಳೆದು ಜಾಗ ಶುಚಿ ಮಾಡುವ ಪ್ರೋಟೀನುಗಳಲ್ಲಿ ಒಂದನ್ನು ತಯಾರಿಸುವುದು ಈ ಜೀನ್. ಶುಚಿ ಮಾಡುವ ಕೆಲಸ ಕುಂದಿದರೆ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳಬಹುದು. ಕೆನಡಾದ ಒಂದು ಕುಟುಂಬದಲ್ಲಿ ಸ್ನಾನದಿಂದ ಬರುವ ಮೂರ್ಛೆಗೆ ಎಸ್‌ವೈಎನ್1 ಎಂಬ ಬೇರೊಂದು ಜೀನ್ ಕಾರಣವೆಂದು ತಿಳಿದುಬಂದಿದೆ. ಅಂದರೆ ಹೊರಗೆ ಕಾಣುವ ಕಾಯಿಲೆ ಒಂದೇ ಆದರೂ ಒಳಗಿನ ಕಾರಣ ಎಲ್ಲ ಮನೆಗಳಲ್ಲಿ ಒಂದೇ ಅಲ್ಲ.

ಈ ಜೀನ್‌ಗಳ ಶೋಧದಿಂದ ಹೊಸ ಮಾತ್ರೆ ಇನ್ನೂ ಬಂದಿಲ್ಲ. ಆದರೆ ಪಂಚನಹಳ್ಳಿಯ ಒಬ್ಬ ತಾಯಿಗೆ ಅದರಿಂದ ಒಂದು ದೊಡ್ಡ ಬಿಡುಗಡೆ ಇದೆ. ಮಗುವಿನ ಮೂರ್ಛೆಗೆ ಅವಳು ಬಸುರಿಯಲ್ಲಿ ಮಾಡಿದ ಯಾವ ತಪ್ಪೂ ಕಾರಣವಲ್ಲ, ಯಾರ ಶಾಪವೂ ಕಾರಣವಲ್ಲ, ಸೊಸೆಯ ಕಾಲ್ಗುಣವೂ ಅಲ್ಲ. ಕಣ್ಣಿನ ಬಣ್ಣ, ಕೂದಲಿನ ಗುಂಗುರು ಬರುವ ಹಾದಿಯಲ್ಲೇ ಮಿದುಳಿನ ಒಂದು ಸೂಕ್ಷ್ಮ ಗುಣ ಬಂದಿದೆ, ಅಷ್ಟೇ.

ಚಿಕಿತ್ಸೆ: ಅರ್ಧ ಹಂಡೆಯಲ್ಲಿ, ಅರ್ಧ ಆಸ್ಪತ್ರೆಯಲ್ಲಿ

ಮೊದಲ ಚಿಕಿತ್ಸೆಗೆ ಕಾಸಿನ ಖರ್ಚಿಲ್ಲ. ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರು ಬಳಸುವುದು, ತಲೆಗೆ ಒಮ್ಮೆಲೇ ಹೊಯ್ಯದೆ ಸ್ವಲ್ಪ ಸ್ವಲ್ಪವಾಗಿ ಹಾಕುವುದು ಅಥವಾ ಒದ್ದೆ ಬಟ್ಟೆಯಿಂದ ಒರೆಸುವುದು. ಎಷ್ಟೋ ಮಂದಿಗೆ ಇಷ್ಟರಿಂದಲೇ ಮೂರ್ಛೆ ನಿಲ್ಲುತ್ತದೆ.

ಅದರಿಂದ ನಿಲ್ಲದಿದ್ದರೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಸ್ನಾನದ ದಿನ ಮಾತ್ರ ತೆಗೆದುಕೊಳ್ಳುವ ಈ ಕ್ರಮ ಪರಿಣಾಮಕಾರಿ ಎಂದು ಚೆನ್ನೈಯಿಂದ 2003ರಲ್ಲಿ ವರದಿಯಾಯಿತು. ನಿಮ್ಹಾನ್ಸ್‌ನಿಂದ 2012ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಪರಿಶೀಲಿಸಿದೆ. ಸ್ನಾನವಿಲ್ಲದೆಯೂ ಮೂರ್ಛೆ ಬರುವವರಿಗೆ ಮಾತ್ರ ನಿತ್ಯದ ಔಷಧ ಬೇಕು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪಕ್ಕದ ಮನೆಯವರ ಮಾತ್ರೆಯನ್ನು ತಂದು ನುಂಗಿಸಬಾರದು.

ದುಬಾರಿ ಔಷಧವಿಲ್ಲದೆ ಮೂರ್ಛೆರೋಗ ಹತೋಟಿಗೆ ಬರುವುದಿಲ್ಲ ಎಂಬ ಭಾವನೆಯೂ ತಪ್ಪು. ಡಾ. ಮಣಿಯವರೇ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ 135 ರೋಗಿಗಳಿಗೆ ಫಿನೋಬಾರ್ಬಿಟೋನ್ ಮತ್ತು ಫಿನೈಟಾಯಿನ್ ಎಂಬ ಹಳೆಯ, ಅಗ್ಗದ ಔಷಧಗಳನ್ನು ಕೊಟ್ಟು ವರ್ಷಗಳ ಕಾಲ ಅನುಸರಿಸಿ ನೋಡಿದರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನ, ಹಳ್ಳಿಯಲ್ಲಿಯೇ ಇದ್ದುಕೊಂಡು ಇಂತಹ ಮಾತ್ರೆಗಳಿಂದ ಮೂರ್ಛೆಯನ್ನು ಹತೋಟಿಯಲ್ಲಿಡಬಹುದು ಎಂದು ತೋರಿಸಿತು. ಸರಿಯಾದ ಚಿಕಿತ್ಸೆ ಸಿಕ್ಕರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70 ಮಂದಿ ಮೂರ್ಛೆಯಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯ ಉದ್ದೇಶವೂ ತಜ್ಞರ ನೆರವು ಬೆಂಗಳೂರಿನಲ್ಲಷ್ಟೇ ಉಳಿಯದೆ ಜಿಲ್ಲೆಗಳಿಗೆ ತಲುಪಬೇಕು ಎಂಬುದೇ.

ಮನೆಯವರು, ಶಿಕ್ಷಕರು ನೆನಪಿಡಬೇಕಾದದ್ದು

1. ಮೂರ್ಛೆ ಇರುವವರು ಸ್ನಾನಕ್ಕೆ ಹೋದಾಗ ಒಳಗಿನಿಂದ ಅಗುಳಿ ಹಾಕಬಾರದು. ಮನೆಯವರೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು.

2. ಕುದಿಯುವ ಹಂಡೆ, ಉರಿಯುವ ಒಲೆಯ ಪಕ್ಕ ಅವರನ್ನು ಕೂರಿಸಬಾರದು. ನೀರನ್ನು ಬಕೆಟ್ಟಿನಲ್ಲಿ ಹದ ಮಾಡಿಯೇ ಕೊಡಬೇಕು. ಒಬ್ಬರೇ ಕೆರೆ, ಹೊಳೆ, ಬಾವಿಕಟ್ಟೆಗೆ ಹೋಗಬಾರದು.

3. ಮೂರ್ಛೆ ಬಂದರೆ ನೀರು ಹಾಕುವುದನ್ನು ತಕ್ಷಣ ನಿಲ್ಲಿಸಿ. ಮುಖ ನೀರಿನಲ್ಲಿ ಮುಳುಗದಂತೆ ನೋಡಿಕೊಂಡು, ಒಣ ಜಾಗದಲ್ಲಿ ಒಂದು ಮಗ್ಗುಲಿಗೆ ಮಲಗಿಸಿ.

4. ಕೈಗೆ ಬೀಗದ ಕೈ ಕೊಡುವುದು, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದು ಇವುಗಳಿಂದ ಏನೂ ಪ್ರಯೋಜನವಿಲ್ಲ. ಮೂರ್ಛೆ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೀರ್ತಿ ಬೀಗದ ಕೈಗೆ ಹೋಗುತ್ತದೆ! ಹಲ್ಲಿನ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಬಿಡುವುದು ಅಪಾಯ.

5. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುನ್ನ ಮತ್ತೊಂದು ಮೂರ್ಛೆ ಬಂದರೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಸಾಧ್ಯವಿದ್ದರೆ ಮೊಬೈಲಿನಲ್ಲಿ ಒಂದಿಷ್ಟು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಅದನ್ನು ಬೇರೆ ಯಾರಿಗೂ ಕಳುಹಿಸಬೇಡಿ.

6. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಆರು ತಿಂಗಳು ಮೂರ್ಛೆ ಬರಲಿಲ್ಲವೆಂದರೆ ಕಾಯಿಲೆ ಹೋಯಿತೆಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದು. ಮದುವೆಯಾಗುವ, ಬಸುರಿಯಾಗುವ ಹೆಣ್ಣುಮಕ್ಕಳು ಮುಂಚಿತವಾಗಿಯೇ ವೈದ್ಯರೊಂದಿಗೆ ಮಾತಾಡಬೇಕು. ಕೆಲವು ಮಾತ್ರೆಗಳು ಗರ್ಭದ ಶಿಶುವಿಗೆ ಒಳ್ಳೆಯದಲ್ಲ, ಅವನ್ನು ಬದಲಿಸಬಹುದು.

7. ಸ್ನಾನದ ಮನೆಯಲ್ಲಿ ಬಿದ್ದವರೆಲ್ಲರದೂ ಬಿಸಿನೀರಿನ ಮೂರ್ಛೆಯಲ್ಲ. ಗ್ಯಾಸ್ ಗೀಸರ್ ಇರುವ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ತುಂಬಿ ಪ್ರಾಣವೇ ಹೋಗಬಹುದು. ಅಲ್ಲಿ ಮೊದಲ ಕೆಲಸ ಬಾಗಿಲು ತೆರೆದು ಅವರನ್ನು ಹೊರಗೆ ಗಾಳಿಗೆ ತರುವುದು. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೇ ಕೂರಿಸುವುದು ಲೇಸು.

ಪ್ರಾರ್ಥನೆಯೂ ಔಷಧವೂ

ಕೊನೆಯದಾಗಿ, ಧರ್ಮಸಭೆಯ ಸೇವಕರಾದ ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು. ಸಂತ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ತನ್ನ ಮಗನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಮಗ ಬೆಂಕಿಗೂ ನೀರಿಗೂ ಬೀಳುತ್ತಾನೆ ಎಂದು ದುಃಖ ತೋಡಿಕೊಳ್ಳುತ್ತಾನೆ. ಬಚ್ಚಲೊಲೆಯ ಪಕ್ಕ ಮಗುವನ್ನು ಕಾಯುವ ತಂದೆ ತಾಯಿಗಳಿಗೆ ಆ ಅಳಲು ಚೆನ್ನಾಗಿ ಅರ್ಥವಾಗುತ್ತದೆ. ಈ ಅಧ್ಯಾಯವನ್ನು ಮುಂದಿಟ್ಟು ಮೂರ್ಛೆರೋಗಿಗಳನ್ನೆಲ್ಲ ದೆವ್ವ ಹಿಡಿದವರೆನ್ನುವುದು ಧರ್ಮಸಭೆಯ ಬೋಧನೆಯಲ್ಲ. ಭೂತೋಚ್ಚಾಟನೆಗೆ ಮುನ್ನ ಅದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1673ನೇ ಪರಿಚ್ಛೇದ ಸ್ಪಷ್ಟವಾಗಿ ತಿಳಿಸುತ್ತದೆ. ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಯಾರೂ ಅದನ್ನು ನಡೆಸುವಂತಿಲ್ಲ ಎಂಬುದು ಧರ್ಮಸಭೆಯ ಕಾನೂನಿನ 1172ನೇ ನಿಯಮ. ರೋಗಿಗಾಗಿ ಪ್ರಾರ್ಥಿಸೋಣ, ಪ್ರಾರ್ಥಿಸಿದ ಕೈಯಿಂದಲೇ ಅವರನ್ನು ಆಸ್ಪತ್ರೆಯ ಬಸ್ಸಿಗೆ ಹತ್ತಿಸೋಣ.

ಮದುವೆಯ ವಿಷಯದಲ್ಲೂ ನಾವು ಬದಲಾಗಬೇಕು. ಒಂದು ಕಾಲಕ್ಕೆ ಹಿಂದೂ ವಿವಾಹ ಕಾಯಿದೆ ಮತ್ತು ವಿಶೇಷ ವಿವಾಹ ಕಾಯಿದೆಗಳಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಎಣಿಸಲಾಗಿತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾನೂನು ಬಿಟ್ಟ ಅಡ್ಡಿಯನ್ನು ನಮ್ಮ ಮನಸ್ಸು ಇನ್ನೂ ಬಿಟ್ಟಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದೂ ತಪ್ಪು, ತಿಳಿಸಿದ ಒಂದೇ ಕಾರಣಕ್ಕೆ ಸಂಬಂಧ ಮುರಿಯುವುದೂ ತಪ್ಪು. ಮುಚ್ಚಿಟ್ಟ ಮನೆಗೆ ಹೋದ ಸೊಸೆ ಮಾತ್ರೆಯನ್ನು ಬಚ್ಚಿಟ್ಟುಕೊಂಡು ನುಂಗಬೇಕಾಗುತ್ತದೆ, ಒಂದು ದಿನ ನುಂಗುವುದನ್ನೇ ಬಿಡುತ್ತಾಳೆ.

ನಮ್ಮ ಧರ್ಮಕೇಂದ್ರಗಳ ಆರೋಗ್ಯ ಸಮಿತಿಗಳು, ವಾಳೆಯ ಗುರಿಕಾರರು, ಮಹಿಳಾ ಸಂಘಟನೆಗಳು ಒಂದು ಕೆಲಸ ಮಾಡಬಹುದು. ನವೆಂಬರ್ 17 ರಾಷ್ಟ್ರೀಯ ಮೂರ್ಛೆರೋಗ ದಿನ. ಅದಕ್ಕೆ ಹತ್ತಿರದ ಭಾನುವಾರ ಬಲಿಪೂಜೆಯ ನಂತರ ಒಬ್ಬ ವೈದ್ಯರನ್ನು ಕರೆಸಿ ಹದಿನೈದು ನಿಮಿಷ ಮಾತಾಡಿಸೋಣ. ಮನೆಭೇಟಿಯ ವೇಳೆ "ಸ್ನಾನದ ಹೊತ್ತಿನಲ್ಲಿ ಮಕ್ಕಳಿಗೆ ಏನಾದರೂ ಆಗುತ್ತದೆಯೇ?" ಎಂದು ಮೆಲ್ಲಗೆ ಕೇಳೋಣ. ಘಟ್ಟದ ಮೇಲೆ ಸೇವೆಯಲ್ಲಿರುವ ನಮ್ಮವರಿಗೂ ಈ ಪ್ರಶ್ನೆಯನ್ನು ಕಲಿಸೋಣ. ಐವತ್ತು ವರ್ಷಗಳಿಗೂ ಮಿಕ್ಕಿ ನಮ್ಮ ವೈದ್ಯರು ದುಡಿದು ತಿಳಿದುಕೊಂಡದ್ದು ಪಂಚನಹಳ್ಳಿಯ ಬಚ್ಚಲುಮನೆಗೆ ತಲುಪಲು ಉಳಿದಿರುವುದು ಈ ಒಂದು ಪ್ರಶ್ನೆಯಷ್ಟೇ ದೂರ. ಅದನ್ನು ಕೇಳುವವರು ನಾವಾಗೋಣ.